ಬೀರುವಿನೊಳಗಿನ ಇಂಗ್ಲಿಷ್

ಸರ್ಕಾರಿ ಶಾಲೆಯ ಸ್ಟಾಕ್ ರಿಜಿಸ್ಟರ್ ಅನ್ನೋ ಪುಸ್ತಕವನ್ನ ನಮ್ಮ ಶಿಕ್ಷಣ ತಜ್ಞರು ಯಾರೂ ಓದಿದಂತೆ ಕಾಣೋಲ್ಲ. ಓದಿದ್ದಿದ್ರೆ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಯಾಕೆ ಬರ್ತಿಲ್ಲ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿರೋದು. ದಪ್ಪ ರಟ್ಟಿನ, ಉದ್ದುದ್ದ ಗೆರೆಯ ಪುಸ್ತಕ ಅದು. ಶಾಲೆಗೆ ಬಂದ ಪ್ರತಿಯೊಂದು ವಸ್ತುವೂ ಅದರಲ್ಲಿ ಏರಬೇಕು. ಗ್ಲೋಬು, ಭೂಪಟ, ಟೇಪ್ ರೆಕಾರ್ಡರ್, ಫ್ಲ್ಯಾಶ್ ಕಾರ್ಡಿನ ಪೆಟ್ಟಿಗೆ, ಪ್ರೊಜೆಕ್ಟರ್... ಹೆಡ್ ಮಾಸ್ಟರಿಗೆ ವರ್ಗ ಆದಾಗ ಬರುವವರಿಗೆ ಎಲ್ಲವನ್ನೂ ಎಣಿಸಿ ಒಪ್ಪಿಸಬೇಕು. ಒಂದು ಕಮ್ಮಿಯಾದ್ರೂ ತಲೆನೋವು. ಆದ್ರೆ ಆ ಪುಸ್ತಕದಲ್ಲಿ ಒಂದು ಕಾಲಂ ಮಾತ್ರ ಇರೋಲ್ಲ: "ಇದನ್ನ ಎಷ್ಟು ಸಲ ಬಳಸಿದಿರಿ?"

ಮುರಿದದ್ದಕ್ಕೆ ಲೆಕ್ಕ ಕೇಳ್ತಾರೆ, ಬಳಸದೇ ಇದ್ದದ್ದಕ್ಕೆ ಯಾರೂ ಕೇಳೋಲ್ಲ. ಹೀಗಿದ್ದಾಗ ಬುದ್ಧಿ ಇರೋ ಯಾರೇ ಆದ್ರೂ ಏನು ಮಾಡ್ತಾರೆ? ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ. ತಪ್ಪು ಅವರದ್ದು ಅಂತ ನಾನು ಹೇಳೋಲ್ಲ. ಪ್ರಾಮಾಣಿಕರಾಗಿ ಇರಬೇಕು ಅಂದ್ಕೊಂಡವರೇ ಹೆಚ್ಚು ಭದ್ರವಾಗಿ ಬೀಗ ಹಾಕೋದು!

ಇಂಗ್ಲಿಷ್ ಪಾಠ ಹೇಳೋದೇ ನನ್ನ ಕೆಲಸ. ಅದಕ್ಕೇ ಈ ವಿಷಯ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಕನ್ನಡ ಬ್ಲಾಗಿನಲ್ಲಿ ಇಂಗ್ಲಿಷಿನ ಮಾತು ಯಾಕಪ್ಪಾ ಅಂತ ಮೂಗು ಮುರಿಯಬೇಡಿ. ಕನ್ನಡ ಶಾಲೆಗಳು ಖಾಲಿ ಆಗ್ತಿರೋದು ಅಲ್ಲಿ ಕನ್ನಡ ಕಲಿಸ್ತಾರೆ ಅಂತಲ್ಲ, ಅಲ್ಲಿ ಇಂಗ್ಲಿಷ್ ಬರೋಲ್ಲ ಅಂತ. ಸರ್ಕಾರವೇ 2007-08ರಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನ ಒಂದು ವಿಷಯವಾಗಿ ತಂತು. ಅವತ್ತು ಒಂದನೇ ಕ್ಲಾಸಿಗೆ ಸೇರಿದ ಮಗು ಹತ್ತು ವರ್ಷ ಇಂಗ್ಲಿಷ್ ಓದಿ ಎಸ್ಸೆಸ್ಸೆಲ್ಸಿ ಮುಗಿಸಿ ಎಷ್ಟೋ ಕಾಲವಾಯ್ತು. ಆ ಹತ್ತು ವರ್ಷದ ನಂತರ ಮಗು ಧೈರ್ಯವಾಗಿ ನಾಲ್ಕು ವಾಕ್ಯ ಮಾತಾಡಿದ್ದಿದ್ರೆ, ಅದನ್ನ ನೋಡಿದ ಪಕ್ಕದ ಮನೆಯವರು ತಮ್ಮ ಮಗುವನ್ನ ಹಳದಿ ವ್ಯಾನಿಗೆ ಹತ್ತಿಸ್ತಿರಲಿಲ್ಲ. ಮಾತಾಡಲಿಲ್ಲ, ಹತ್ತಿಸಿದ್ರು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಸಾವಿರ ಕಡೆ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದೂ ಇದೇ ಕಾರಣಕ್ಕೆ. ಅಂದ್ರೆ ಕನ್ನಡ ಶಾಲೆ ಉಳೀಬೇಕು ಅನ್ನೋರು ಮೊದಲು ಕೇಳಬೇಕಾದ ಪ್ರಶ್ನೆ, ಅಲ್ಲಿ ಇಂಗ್ಲಿಷ್ ಪೀರಿಯಡ್ಡಿನ ನಲವತ್ತು ನಿಮಿಷ ಏನಾಗ್ತಿದೆ ಅನ್ನೋದು.

ಉಪಕರಣ ಕೊಟ್ಟಿಲ್ಲ ಅಂತ ದೂರೋ ಹಾಗಿಲ್ಲ ಬಿಡಿ. ಕೊಟ್ಟಿದ್ದಾರೆ, ಕಾಲಕಾಲಕ್ಕೆ ಕೊಡ್ತಲೇ ಬಂದಿದ್ದಾರೆ. 1987ರಲ್ಲಿ 'ಆಪರೇಷನ್ ಬ್ಲ್ಯಾಕ್ ಬೋರ್ಡ್' ಬಂತು. ಕೊಠಡಿ, ಇಬ್ಬರು ಮೇಷ್ಟ್ರು, ಬೋರ್ಡು, ಭೂಪಟ, ಚಾರ್ಟು, ಆಟಿಕೆ ಇವೆಲ್ಲ ಪ್ರತಿ ಪ್ರಾಥಮಿಕ ಶಾಲೆಗೂ ಸಿಗಬೇಕು ಅನ್ನೋದು ಅದರ ಆಸೆ. 2001ರ ಹೊತ್ತಿಗೆ ನಮ್ಮ ರಾಜ್ಯದ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಹೆಸರಲ್ಲಿ ಕಂಪ್ಯೂಟರ್ ಬಂತು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕಲಿಕೋಪಕರಣಕ್ಕೆ ಅಂತಲೇ ಸಿಗ್ತಿತ್ತು. 2004ರ ಸೆಪ್ಟೆಂಬರಿನಲ್ಲಿ ಪಾಠಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿದ್ರು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಾಡಿನ ಮೇಲೆ ಡಿಶ್ ಕೂತಿತು. 2010ಕ್ಕೆ ಆ ಉಪಗ್ರಹದ ಆಯಸ್ಸು ಮುಗೀತು. ಆಮೇಲೆ ಪ್ರೊಜೆಕ್ಟರ್ ಬಂತು, ಸ್ಮಾರ್ಟ್ ಬೋರ್ಡ್ ಬಂತು, 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬಂತು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು.

ಈ ಪಟ್ಟಿಯಲ್ಲಿ ಯಾವುದನ್ನೂ ನಾನು ಕೆಟ್ಟದ್ದು ಅನ್ನೋಲ್ಲ. ಆದ್ರೆ ಒಂದು ಗಮನಿಸಿ. ಬೋರ್ಡು, ಚಾರ್ಟು, ಟಿವಿ, ಸ್ಮಾರ್ಟ್ ಬೋರ್ಡು.. ಹೆಚ್ಚಿನವೆಲ್ಲ ಮಗುವಿಗೆ ಏನನ್ನೋ *ತೋರಿಸೋ* ವಸ್ತುಗಳು. ಮಗು ಕೂತು ನೋಡಬೇಕು. ವಿಜ್ಞಾನಕ್ಕೆ, ಭೂಗೋಳಕ್ಕೆ ಇದು ಒಪ್ಪೋ ಮಾತು. ಹೃದಯ ಹೇಗೆ ಬಡಿಯತ್ತೆ ಅನ್ನೋದನ್ನ ತೆರೆಯ ಮೇಲೆ ತೋರಿಸೋದಕ್ಕಿಂತ ಚೆನ್ನಾಗಿ ನಾನು ಬಾಯಲ್ಲಿ ಹೇಳಲಾರೆ. ಆದ್ರೆ ಭಾಷೆ ನೋಡಿ ಬರೋ ವಸ್ತುವಲ್ಲ. ಕೇಳಿ, ಆಡಿ, ತಪ್ಪಿ, ಮತ್ತೆ ಆಡಿ ಬರೋದು. ಈಜು ಕಲಿಸೋಕೆ ನೀರಿನ ಫೋಟೋ ತೋರಿಸಿದ ಹಾಗಾಗಿದೆ ನಮ್ಮ ಕಥೆ.

ಇನ್ನೂ ಒಂದು ತೊಡಕು ಇದೆ, ಅದು ಕನ್ನಡದ ಮಕ್ಕಳಿಗೇ ವಿಶೇಷವಾಗಿ ಕಾಡುವಂಥದ್ದು. ನಮ್ಮ ಲಿಪಿ ಪುಣ್ಯಾತ್ಮ ಲಿಪಿ. ಬರೆದದ್ದನ್ನ ಓದಿದ್ರೆ ಉಚ್ಚಾರಣೆ ಹೆಚ್ಚುಕಮ್ಮಿ ಸಿಕ್ಕೇಬಿಡತ್ತೆ. ಈ ನಂಬಿಕೆ ಇಟ್ಕೊಂಡೇ ಮಗು ಇಂಗ್ಲಿಷ್ ಪುಸ್ತಕ ತೆರೆಯತ್ತೆ. ಆ ಪುಸ್ತಕ ಮೊದಲ ಪುಟದಿಂದಲೇ ಅದಕ್ಕೆ ಮೋಸ ಮಾಡತ್ತೆ. ಹೆಂಗಸು ಅನ್ನೋದಕ್ಕೆ 'ವುಮನ್', ಹೆಂಗಸರು ಅಂದ್ರೆ 'ವಿಮಿನ್'. ಬರೆಯುವಾಗ ಬದಲಾಗೋದು ಪದದ ಕೊನೆಯ ಭಾಗದ ಒಂದೇ ಒಂದು ಅಕ್ಷರ. ಕಿವಿಗೆ ಮುಖ್ಯವಾಗಿ ಬದಲಾಗಿ ಕೇಳೋದು ಪದದ ಮೊದಲ ಭಾಗ! ಪುಸ್ತಕ ನೋಡಿ ಕಲಿತ ಮಗುವಿಗೆ ಇದು ಸಾಯೋವರೆಗೂ ಗೊತ್ತಾಗೋಲ್ಲ. ಫೋಟೋಗ್ರಾಫ್ ಅನ್ನುವಾಗ ಒತ್ತು ಮೊದಲ ಭಾಗದ ಮೇಲೆ, ಫೋಟೋಗ್ರಾಫರ್ ಅನ್ನುವಾಗ ಅದು ಎರಡನೆಯದಕ್ಕೆ ಜಾರತ್ತೆ. ಕನ್ನಡದಲ್ಲಿ ಒತ್ತು ಜಾಗ ಬದಲಿಸಿ ಹೀಗೆ ಆಟ ಆಡೋಲ್ಲ, ಹಾಗಾಗಿ ನಮ್ಮ ಕಿವಿ ಅದನ್ನ ಹುಡುಕೋದೂ ಇಲ್ಲ. ಯಾವ ಚಾರ್ಟಿನಿಂದಲೂ, ಯಾವ ಬಣ್ಣದ ಬೋರ್ಡಿನಿಂದಲೂ ಇದನ್ನ ಕಲಿಸೋಕಾಗೋಲ್ಲ. ಕೇಳಿಸಬೇಕು. ಒಂದು ಸಲ ಅಲ್ಲ, ನೂರು ಸಲ.

ಪೇಟೆಯ ಮಗು ಮನೆಯಲ್ಲಿ, ಟಿವಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಂಗ್ಲಿಷ್ ಕೇಳಿಸ್ಕೊಳ್ತಾನೇ ಇರತ್ತೆ. ಹಳ್ಳಿಯ ಮಗುವಿಗೆ ಇರೋದು ಆ ನಲವತ್ತು ನಿಮಿಷ ಅಷ್ಟೇ. ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ ನಲವತ್ತು ಮಕ್ಕಳಿದ್ರೆ, ಮೇಷ್ಟ್ರು ಬಾಯಿ ಮುಚ್ಕೊಂಡು ಕೂತ್ರೂ ಒಬ್ಬೊಬ್ಬರಿಗೆ ಸಿಗೋದು ಒಂದು ನಿಮಿಷ. ಮೇಷ್ಟ್ರು ಎಲ್ಲಿ ಬಾಯಿ ಮುಚ್ಚುತ್ತಾರೆ? ಅದರ ಮೇಲೆ ಮಾತಾಡೋ ಯಂತ್ರ ಒಂದನ್ನ ತಂದಿಟ್ರೆ ಆ ಒಂದು ನಿಮಿಷವೂ ಹೋಯ್ತು. ಲಕ್ಷದ ಆಜುಬಾಜಿನ ಸ್ಮಾರ್ಟ್ ಬೋರ್ಡು ಎಷ್ಟೋ ಸಲ ಮಾಡೋ ಕೆಲಸ ಇಷ್ಟೇ: ಮೇಷ್ಟ್ರ ಬದಲಿಗೆ ತಾನು ಮಾತಾಡೋದು. ಮಗು ಆಗಲೂ ಸುಮ್ಮನೆ, ಈಗಲೂ ಸುಮ್ಮನೆ.

ಹಾಗಾಗಿ ನನ್ನ ಅಳತೆಗೋಲು ಬಹಳ ಸರಳ. ಯಾವುದೇ ಉಪಕರಣ ತರಗತಿಗೆ ಬರಲಿ, ಎರಡೇ ಪ್ರಶ್ನೆ. ಅದನ್ನ ಮುಟ್ಟಿದವರು ಯಾರು? ಅದು ಬಂದ ಮೇಲೆ ಬಾಯಿ ಬಿಟ್ಟವರು ಯಾರು? ಎರಡಕ್ಕೂ ಉತ್ತರ 'ಮಗು' ಅಂತಾದ್ರೆ ಅದು ಕಲಿಕೋಪಕರಣ. ಇಲ್ಲಾಂದ್ರೆ ಪೀಠೋಪಕರಣ :)

ಈ ಅಳತೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದೋ ಉದಾಹರಣೆ ಎಲ್ಲೋ ಫಿನ್ಲೆಂಡಿನದ್ದಲ್ಲ, ನಮ್ಮ ಬೆಂಗಳೂರಿನದ್ದೇ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಇಂಗ್ಲಿಷ್ ಪ್ರಾದೇಶಿಕ ಸಂಸ್ಥೆ ಇದೆ, ಮೇಷ್ಟ್ರುಗಳಿಗೆ ತರಬೇತಿ ಕೊಡೋ ಜಾಗ. ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು ಈ ಸಂಸ್ಥೆಯ ಜತೆ ಸೇರಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದ್ರು. ಪ್ರಪಂಚದಲ್ಲಿ ಎಲ್ಲೇ ಇಂಗ್ಲಿಷ್ ಮೇಷ್ಟ್ರುಗಳ ತರಬೇತಿ ನಡೆದ್ರೂ ಇವತ್ತಿಗೂ 'ಬೆಂಗಳೂರು ಪ್ರಾಜೆಕ್ಟ್' ಅಂತ ಅದರ ಹೆಸರು ಬರತ್ತೆ. ಅವರ ವಾದ ಏನಂದ್ರೆ, ಮಗುವಿನ ಗಮನ ವ್ಯಾಕರಣದ ಮೇಲಲ್ಲ, ಅರ್ಥದ ಮೇಲೆ ಇದ್ದಾಗಲೇ ವ್ಯಾಕರಣ ಒಳಗೆ ಇಳಿಯೋದು. ಅದಕ್ಕೆ ಮಗುವಿಗೆ ಒಂದು ಕೆಲಸ ಕೊಡಬೇಕು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿದ್ರೆ ಬೇಗ ತಲುಪಬಹುದು ಹೇಳು, ನಕಾಶೆ ನೋಡಿ ದಾರಿ ಹೇಳು, ಹೇಳಿದ ಹಾಗೆ ಚಿತ್ರ ಬರಿ.. ಇಂಥವು. ಮೊದಲು ಮೇಷ್ಟ್ರು ಇಡೀ ತರಗತಿಯ ಜತೆ ಅಂಥದ್ದೇ ಒಂದನ್ನ ಮಾತಾಡ್ತಾ ಬಿಡಿಸ್ತಾರೆ, ಆಮೇಲೆ ಮಗು ತಾನೇ ಬಿಡಿಸಬೇಕು. ಉಪಕರಣ? ಕಪ್ಪುಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲು. ಇಷ್ಟೇ. ನಮ್ಮ ಶಾಲೆಗಳಲ್ಲಿ ಏನಿರತ್ತೋ ಅದರಲ್ಲೇ ಆಗಬೇಕು ಅನ್ನೋದು ಅವರ ಹಟವಾಗಿತ್ತು.

ಅದರ ಫಲಿತಾಂಶ ಎಷ್ಟು ಗಟ್ಟಿ ಅನ್ನೋದರ ಬಗ್ಗೆ ವಿದ್ವಾಂಸರು ಜಗಳ ಆಡಿದ್ದಾರೆ, ಆಡಲಿ. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು, ಅದನ್ನ ಓದಿ ಬೇರೆ ದೇಶದವರು ತಮ್ಮ ಪಠ್ಯಕ್ರಮ ತಿದ್ದಿಕೊಂಡ್ರು. ಅದೇ 1987ರಲ್ಲಿ ನಾವು ಶಾಲೆಗಳಿಗೆ ಬೋರ್ಡು ಕೊಳ್ಳೋ ಯೋಜನೆ ಶುರು ಮಾಡಿದ್ವಿ. ಬೋರ್ಡು ಬೇಕಾಗಿತ್ತು, ಸಂಶಯ ಇಲ್ಲ. ಆದ್ರೆ ಆ ಬೋರ್ಡಿನ ಮೇಲೆ ಒಂದು ವೇಳಾಪಟ್ಟಿ ಬರೆದು ಏನೆಲ್ಲ ಮಾಡಬಹುದು ಅನ್ನೋದು ಮಾತ್ರ ಬೋರ್ಡಿನ ಜತೆ ಶಾಲೆಗೆ ಹೋಗಲಿಲ್ಲ.

ನಾನು ಇದನ್ನ ನಮ್ಮೂರ ಬಸ್ಸಿಗೆ ಒಗ್ಗಿಸಿ ಮಾಡ್ತೀನಿ. ಬೋರ್ಡಿನ ಮೇಲೆ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ. ಹಾಸನಕ್ಕೆ ಹೋಗಿ ಆಸ್ಪತ್ರೆ ಕೆಲಸ ಮುಗಿಸಿ ಕತ್ತಲಾಗೋದರೊಳಗೆ ವಾಪಸ್ ಬರಬೇಕು, ಯಾವ ಬಸ್ಸು? ಮಕ್ಕಳು ಕಿತ್ತಾಡ್ತಾರೆ. ಕನ್ನಡದಲ್ಲಿ ಶುರುವಾದ ಜಗಳ, ಬೋರ್ಡಿನ ಮೇಲಿನ ಪದಗಳನ್ನೇ ಹಿಡ್ಕೊಂಡು ನಿಧಾನಕ್ಕೆ ಇಂಗ್ಲಿಷಿಗೆ ತಿರುಗತ್ತೆ. 'ಬಿಫೋರ್', 'ಆಫ್ಟರ್' ಅನ್ನೋ ಪದಗಳು ಪಟ್ಟಿಯಾಗಿ ಬಾಯಿಪಾಠ ಮಾಡಿಸಿದಾಗ ನಿಲ್ಲದವು, ಬಸ್ಸು ತಪ್ಪಿ ಹೋಗತ್ತೆ ಅಂದಾಗ ನಿಲ್ತವೆ. ಇನ್ನೊಂದು ಆಟ: ಒಬ್ಬ ಬೋರ್ಡಿಗೆ ಮುಖ ಮಾಡಿ ನಿಲ್ಲಬೇಕು, ಉಳಿದವರು ಹೇಳಿದ್ದನ್ನಷ್ಟೇ ಬರೀಬೇಕು. ಮನೆ, ಮನೆಯ ಎಡಕ್ಕೆ ಮರ, ಮರದ ಕೆಳಗೆ ಹಸು. ತಪ್ಪು ಹೇಳಿದ್ರೆ ಹಸು ಮರದ ಮೇಲೆ ಕೂರತ್ತೆ. ಮಕ್ಕಳು ನಗ್ತಾರೆ, ತಾವೇ ತಿದ್ದುತ್ತಾರೆ. ಖರ್ಚು ಒಂದು ಸೀಮೆಸುಣ್ಣ.

ಫ್ಲ್ಯಾಶ್ ಕಾರ್ಡಿನ ಪೆಟ್ಟಿಗೆಗಳ ಬಗ್ಗೆಯೂ ಒಂದು ಮಾತು. ಸೇಬು, ಚೆಂಡು, ಬೆಕ್ಕು.. ಎಲ್ಲವೂ ನಾಮಪದ. ಚಿತ್ರ ಬರೆಯೋಕೆ ಸುಲಭ ಅಂತ ನಾಮಪದ ಕೊಡ್ತಾರೆ, ಮಾತಾಡೋಕೆ ಬೇಕಾಗಿರೋದು ಕ್ರಿಯಾಪದ. ಇನ್ನೂರು ಹೆಸರು ಗೊತ್ತಿರೋ ಮಗು 'ನನಗೆ ಹೊಟ್ಟೆ ನೋಯ್ತಿದೆ, ಮನೆಗೆ ಹೋಗ್ಲಾ?' ಅಂತ ಕೇಳಲಾರದು. 'ಮೇಲೆ', 'ಕೆಳಗೆ', 'ಒಳಗೆ' ಇವನ್ನ ಕಲಿಸೋಕೆ ಒಂದು ಡಸ್ಟರು, ಒಂದು ಮೇಜು ಸಾಕು. ಓದೋಕೆ ಬೇಕಾದ ಇಂಗ್ಲಿಷ್ ಊರಲ್ಲೇ ಬಿದ್ದಿದೆ. ಪಾರ್ಲೆ-ಜಿ ಪೊಟ್ಟಣ, ಶಾಂಪೂ ಚೀಟಿ, ಮಾತ್ರೆಯ ಪಟ್ಟಿ, ಗೊಬ್ಬರದ ಚೀಲ. ಮಾತ್ರೆಯ ಹಿಂದಿನ ತಾರೀಖು ಓದೋಕೆ ಬಂದ ಹುಡುಗಿ ಮನೆಗೆ ಹೋಗಿ ಅಜ್ಜಿಯ ಡಬ್ಬಿ ತಪಾಸಣೆ ಮಾಡಿದ್ರೆ, ಅದು ನನ್ನ ಮಟ್ಟಿಗೆ ಡಿಸ್ಟಿಂಕ್ಷನ್.

"ಹಾಗಾದ್ರೆ ಯಂತ್ರ ಏನೂ ಬೇಡ, ಒಳ್ಳೆ ಗುರು ಇದ್ರೆ ಸಾಕು ಅಂತೀರಾ?" ಖಂಡಿತಾ ಇಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ರೇಗತ್ತೆ. ಬಡವರ ಶಾಲೆಗೆ ಏನೂ ಕೊಡದೇ ಇರೋಕೆ ಇದೊಂದು ಚಂದದ ನೆಪ. ಒಂದರಿಂದ ಐದನೇ ತರಗತಿಗೆ ಎಲ್ಲ ವಿಷಯವನ್ನೂ ಹೇಳಿಕೊಡೋ ಮೇಡಂ ಕೂಡಾ ಕನ್ನಡ ಶಾಲೆಯಲ್ಲೇ ಓದಿದವರು. ಅವರಿಗೂ ಇಂಗ್ಲಿಷ್ ಮಾತಾಡೋಕೆ ಎದುರಿಗೆ ಯಾರೂ ಇರಲಿಲ್ಲ. 2007ರಲ್ಲಿ ಪುಸ್ತಕ ಕೈಗೆ ಕೊಟ್ಟು, ಕೆಲವೇ ದಿನದ ತರಬೇತಿ ಕೊಟ್ಟು 'ಕಲಿಸಿ' ಅಂದ್ರು. ಅವರ ಉಚ್ಚಾರಣೆಯನ್ನೇ ನಲವತ್ತು ಮಕ್ಕಳಿಗೆ ಮಾದರಿ ಮಾಡಿ, ಆಮೇಲೆ ಅವರನ್ನೇ ಆಡಿಕೊಳ್ಳೋದು ಯಾವ ನ್ಯಾಯ? ಅವರಿಗೆ ಇನ್ನೊಂದು ದನಿಯ ಆಸರೆ ಬೇಕು. ಅದಕ್ಕೇ ಆಕಾಶವಾಣಿಯ 'ಕೇಳಿ-ಕಲಿ' ಪಾಠಗಳ ಬಗ್ಗೆ ನನಗೆ ಗೌರವ. ಒಂದು ರೇಡಿಯೋ, ಒಂದು ದನಿ, ಮೇಡಂ ಜತೆಗೆ. ಆದ್ರೆ ರೇಡಿಯೋ ನಿಮಗಾಗಿ ಕಾಯೋಲ್ಲ, ನಿಲ್ಲಿಸಿ ಮತ್ತೆ ಕೇಳಿಸೋಕಾಗೋಲ್ಲ. ಇವತ್ತು ಆ ಕೊರತೆ ಇಲ್ಲ. ಒಂದು ಮೊಬೈಲು, ಸಾವಿರ ರೂಪಾಯಿ ಒಳಗಿನ ಒಂದು ಬ್ಲೂಟೂತ್ ಸ್ಪೀಕರು ಸಾಕು. ಒಂದು ನಿಮಿಷದ ತುಣುಕು, ಮೂರು ಸಲ. ಮೊದಲ ಸಲ ಒಂದೇ ಪ್ರಶ್ನೆ: ಯಾರು ಯಾರ ಹತ್ತಿರ ಮಾತಾಡ್ತಿದ್ದಾರೆ? ಎರಡನೇ ಸಲ ಇನ್ನೆರಡು. ಮೂರನೇ ಸಲ ಅದರ ಜತೆಗೇ ಹೇಳೋದು.

ಅದೇ ಮೊಬೈಲಿನಲ್ಲಿ ಮಗುವಿನ ದನಿ ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸಿ ನೋಡಿ. ಎಲ್ಲರ ಮುಂದೆ ನಿಂತು ಮಾತಾಡಲಾರದ ಹುಡುಗಿ, ಮೂಲೆಯಲ್ಲಿ ನಿಂತು ಫೋನಿಗೆ ಪಿಸುಗುಟ್ಟುತ್ತಾಳೆ. ತನ್ನದೇ ದನಿ ಇಂಗ್ಲಿಷಿನಲ್ಲಿ ವಾಪಸ್ ಬಂದಾಗ ಮುಖ ಅರಳಿಸ್ಕೊಂಡು, 'ಇನ್ನೊಂದು ಸಲ ಮಾಡ್ತೀನಿ ಮಿಸ್' ಅಂತಾಳೆ. ಆ 'ಇನ್ನೊಂದು ಸಲ' ಅನ್ನೋ ಮಾತಿಗೋಸ್ಕರವೇ ಎಲ್ಲ ಉಪಕರಣ ಇರಬೇಕಾದ್ದು.

ಉಪಕರಣ ಕೊಂಡು ಕೈ ತೊಳ್ಕೊಳ್ಳೋ ಚಟ ನಮ್ಮದೊಂದೇ ಅಲ್ಲ, ಇದನ್ನೂ ಹೇಳಬೇಕು. ರಷ್ಯಾ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಗಾಬರಿಗೆ ಅಮೆರಿಕಾ 1958ರಲ್ಲಿ ಒಂದು ಕಾಯ್ದೆ ಮಾಡಿ ವಿದೇಶಿ ಭಾಷೆ ಕಲಿಸೋಕೆ ಹಣ ಸುರೀತು. ಶಾಲೆ ಶಾಲೆಗೂ ಲ್ಯಾಂಗ್ವೇಜ್ ಲ್ಯಾಬು: ಗೂಡು, ಹೆಡ್‌ಫೋನು, ಟೇಪು. ಮಕ್ಕಳು ಗಿಣಿಯ ಹಾಗೆ ವಾಕ್ಯ ಒಪ್ಪಿಸಿ ಒಪ್ಪಿಸಿ ಬೇಸತ್ತರು. 1970ರ ದಶಕ ಬರೋ ಹೊತ್ತಿಗೆ ಉತ್ಸಾಹ ಇಳಿದು, ಎಷ್ಟೋ ಲ್ಯಾಬುಗಳು ಧೂಳು ಹಿಡಿದವು. ಪಕ್ಕದ ಕೇರಳದಲ್ಲಿ ಬೇರೆ ದಾರಿ ಹಿಡಿದ್ರು. 2001ರ ಸುಮಾರಿಗೆ ಅಲ್ಲೂ ಶಾಲೆಗಳಿಗೆ ಕಂಪ್ಯೂಟರ್ ಬಂತು. ಆದ್ರೆ ಶಾಲಾ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು, ಅವರಿಂದಲೇ ಉಳಿದವರಿಗೆ ಕಲಿಸಿದ್ರು, ಸ್ವತಂತ್ರ ತಂತ್ರಾಂಶ ಹಾಕಿದ್ರು. ನಾವು 'ಮಾಹಿತಿ ಸಿಂಧು'ವಿನಲ್ಲಿ ಕಂಪ್ಯೂಟರ್ ಪಾಠವನ್ನ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ವಿ. ಗುತ್ತಿಗೆಯವರು ಕಲಿಸೋವಾಗ ಶಾಲೆಯ ಮೇಷ್ಟ್ರಿಗೆ ಅದು ಪರರ ಸ್ವತ್ತು. ಅವರು ಹೋದ ಮೇಲೆ ಕೊಠಡಿಗೆ ಬೀಗ. ಮತ್ತೆ ಅದೇ ಬೀಗ!

ನಮ್ಮಲ್ಲೇ ಬೀಗ ಇಲ್ಲದ ಉದಾಹರಣೆ ಬೇಕು ಅಂದ್ರೆ ನಲಿ-ಕಲಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ, ಆಮೇಲೆ ರಾಜ್ಯದ ತುಂಬಾ ಹರಡಿತು. ಅದರ ಕುಂದುಕೊರತೆ ಏನೇ ಇರಲಿ, ಎರಡು ವಿಷಯ ಮೆಚ್ಚಲೇಬೇಕು. ಕಾರ್ಡುಗಳು ಮಗುವಿನ ಕೈಗೆ ಎಟುಕೋ ಹಾಗೆ ಇರ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆ ಅಂತಲೇ ಕಪ್ಪುಹಲಗೆ ಇರತ್ತೆ. ಮೇಷ್ಟ್ರ ಎತ್ತರಕ್ಕಲ್ಲ, ಮಗುವಿನ ಎತ್ತರಕ್ಕೆ. ಆ ಕಾರ್ಡುಗಳು ಕೊಳೆಯಾಗ್ತವೆ, ಅಂಚು ಹರೀತವೆ. ಕೊಳೆಯಾದ ಕಾರ್ಡೇ ಒಳ್ಳೆಯ ಕಾರ್ಡು. ಹೊಳೆಯೋ ಕಾರ್ಡು ಕಂಡ್ರೆ ನನಗೆ ಅನುಮಾನ.

ನಾನು ಕೇಳೋದು ಬಹಳ ಏನಿಲ್ಲ. ಸೀಮೆಸುಣ್ಣ ಎಲ್ಲಿ ಹೋಯ್ತು ಅಂತ ಯಾರೂ ಲೆಕ್ಕ ಕೇಳೋಲ್ಲ, ಅದು ಸವೆಯೋ ವಸ್ತು ಅಂತ ಎಲ್ಲರಿಗೂ ಗೊತ್ತು. ಸ್ಪೀಕರು, ಕಾರ್ಡು, ಕತೆ ಪುಸ್ತಕ, ಹೆಡ್‌ಫೋನು ಇವನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಮೂರು ವರ್ಷದಲ್ಲಿ ಸವೆದು ಹೋಗಬೇಕು ಅಂತಲೇ ಕೊಡಿ. ದೊಡ್ಡ ಯಂತ್ರ ಕೊಟ್ರೆ ರಿಪೇರಿ ದುಡ್ಡನ್ನೂ ಅದರ ಜತೆಗೇ ಕೊಡಿ. ತಪಾಸಣೆಗೆ ಬಂದ ಅಧಿಕಾರಿ 'ಇದೆಯಾ?' ಅಂತ ಕೇಳೋದು ಬಿಟ್ಟು, 'ಯಾವ ಮಗು ಇದನ್ನ ಕಡೆಯ ಸಲ ಮುಟ್ಟಿದ್ದು, ಕರೀರಿ ಅವಳನ್ನ' ಅನ್ನಲಿ. ಒಂದೇ ವರ್ಷದಲ್ಲಿ ಬೀಗಗಳು ತೆರ್ಕೊಳ್ತವೆ.

ಬ್ಲಾಗ್ ಬರೆಯೋ ನಮ್ಮ ಗೆಳೆಯರಲ್ಲಿ ಬಹಳ ಮಂದಿ ಸಾಫ್ಟ್‌ವೇರಿನಲ್ಲಿದ್ದೀರಿ, ದೇಶ ಬಿಟ್ಟು ದೂರ ಇದ್ದೀರಿ. ಓದಿದ ಶಾಲೆಗೆ ಏನಾದ್ರೂ ಕೊಡಬೇಕು ಅನ್ನೋ ಆಸೆ ನಿಮಗಿದೆ, ದೊಡ್ಡ ಮನಸ್ಸು. ಆದ್ರೆ ಊರಿಗೆ ಬಂದಾಗ ಪ್ರೊಜೆಕ್ಟರ್ ಕೊಟ್ಟು, ಹಾರ ಹಾಕಿಸ್ಕೊಂಡು, ಅದರ ಮೇಲೆ ಅಪ್ಪನ ಹೆಸರು ಬರೆಸಿ ಹೋದ್ರೆ ಅದು ಇನ್ನಷ್ಟು ಭದ್ರವಾಗಿ ಬೀರು ಸೇರತ್ತೆ. ದಾನಿಗಳ ಹೆಸರಿರೋ ವಸ್ತು ಒಡೆದ್ರೆ ಹೇಗೆ ಅಂತ! ಅದರ ಬದಲು ನಾಲ್ಕು ಸಣ್ಣ ಸ್ಪೀಕರು ಕೊಡಿ. ನಿಮ್ಮದೇ ದನಿಯಲ್ಲಿ, ನಮ್ಮೂರಿನವರಿಗೆ ಅರ್ಥವಾಗೋ ಸ್ಪಷ್ಟ ಇಂಗ್ಲಿಷಿನಲ್ಲಿ, ಎರಡೆರಡು ನಿಮಿಷದ ಕತೆಗಳನ್ನ ರೆಕಾರ್ಡ್ ಮಾಡಿ ಕಳಿಸಿ. ನಮ್ಮೂರ ಜಾತ್ರೆ, ನಮ್ಮೂರ ಕೆರೆ, ನಿಮ್ಮ ಆಫೀಸು, ಹಿಮ ಬಿದ್ದ ದಿನ, ಯಾವುದಾದ್ರೂ ಆಗತ್ತೆ. ಇದೇ ಬೆಂಚಿನಲ್ಲಿ ಕೂತು ಹೋದವರೊಬ್ಬರು ಇಂಗ್ಲಿಷ್ ಮಾತಾಡೋದನ್ನ ಕೇಳೋ ಮಗುವಿಗೆ ಆಗೋ ಧೈರ್ಯ ಯಾವ ಸಿ.ಡಿ.ಯಿಂದಲೂ ಬರೋಲ್ಲ.

ಜತೆಗೆ ಹೆಡ್ ಮಾಸ್ಟರಿಗೆ ಎರಡು ಸಾಲಿನ ಒಂದು ಕಾಗದ ಬರೆದು ಸಹಿ ಹಾಕಿ ಕೊಡಿ. ಇದನ್ನ ಮಕ್ಕಳ ಕೈಗೆ ಕೊಡಿ; ಒಡೆದು ಹೋದ್ರೆ ನಾವು ಯಾರನ್ನೂ ಕೇಳೋದಿಲ್ಲ, ಒಡೆಯದೇ ಹೊಸದಾಗೇ ಉಳಿದ್ರೆ ಮಾತ್ರ ಕೇಳ್ತೀವಿ ಅಂತ. ಆ ಕಾಗದವನ್ನ ಸ್ಟಾಕ್ ರಿಜಿಸ್ಟರಿಗೆ ಅಂಟಿಸಲಿ.